ರಬ್ಬರ್ ಬ್ಯಾಂಡಿಗೆ ಧೂಳು ಮೆತ್ತಿಕೊಳ್ಳುವುದೇಕೆ?

ಪ್ರಶ್ನೆ: ಗದಗಿನಲ್ಲಿ ನನ್ನದೊಂದು ಸಣ್ಣ ಸ್ಟೇಷನರಿ ಮತ್ತು ಜೆರಾಕ್ಸ್ ಅಂಗಡಿ ಇದೆ. ಅರ್ಧ ಕಿಲೋ ರಬ್ಬರ್ ಬ್ಯಾಂಡಿನ ಪೊಟ್ಟಣ ಒಡೆದು, ಕೈಗೆ ಸಿಗಲೆಂದು ಯಂತ್ರದ ಪಕ್ಕದ ತೆರೆದ ಟ್ರೇಯಲ್ಲಿ ಸುರಿದಿಡುತ್ತೇನೆ. ಎರಡು ತಿಂಗಳೊಳಗೆ ಅವುಗಳ ಮೇಲೆ ಕಪ್ಪು ಧೂಳು ಮೆತ್ತಿಕೊಳ್ಳುತ್ತದೆ. ಅದೇ ಟ್ರೇಯಲ್ಲಿರುವ ಪಿನ್ನು, ಕ್ಲಿಪ್ಪುಗಳ ಮೇಲಿನ ಧೂಳು ಊದಿದರೆ ಹೋಗುತ್ತದೆ, ಬ್ಯಾಂಡಿನದು ಹೋಗುವುದಿಲ್ಲ. ಒಮ್ಮೆ ಸೋಪಿನ ಪುಡಿಯಲ್ಲಿ ತೊಳೆದು ಮಾಳಿಗೆಯ ಮೇಲೆ ಬಿಸಿಲಿಗೆ ಒಣಹಾಕಿದೆ. ಹದಿನೈದು ದಿನದಲ್ಲಿ ಮೊದಲಿಗಿಂತ ಹೆಚ್ಚು ಧೂಳು ಹಿಡಿದು ಒಂದಕ್ಕೊಂದು ಅಂಟಿಕೊಂಡವು. ಮನೆಯಲ್ಲಿ ಅಡುಗೆಮನೆಯ ಮೊಳೆಗೆ ಸಿಕ್ಕಿಸಿಟ್ಟವುಗಳದ್ದೂ ಇದೇ ಕಥೆ. ತಂದೆಯವರ ಕಾಲದ ಜಮೀನಿನ ಕಾಗದಪತ್ರಗಳಿಗೆ ಹಾಕಿದ್ದ ಬ್ಯಾಂಡು ಕಾಗದಕ್ಕೇ ಅಂಟಿ ಕೂತಿದೆ. ಕೊಬ್ಬರಿ ಎಣ್ಣೆ ಸವರಿದರೆ ಸರಿಹೋಗುತ್ತದೆ ಎಂದು ಪಕ್ಕದ ಅಂಗಡಿಯವರು ಹೇಳುತ್ತಾರೆ. ಇದಕ್ಕೆಲ್ಲ ಕಾರಣವೇನು, ತಡೆಯುವ ದಾರಿಯೇನು?

ಉತ್ತರ: ಮೊದಲು ಅವಸರದ ಮಾತೊಂದನ್ನು ಹೇಳಿಬಿಡುತ್ತೇನೆ. ಕೊಬ್ಬರಿ ಎಣ್ಣೆಯನ್ನು ದಯವಿಟ್ಟು ಸವರಬೇಡಿ, ತೊಳೆದ ಬ್ಯಾಂಡುಗಳನ್ನು ಬಿಸಿಲಿಗೆ ಹಾಕಬೇಡಿ, ಮತ್ತು ಟ್ರೇಯನ್ನು ಇಂದೇ ಜೆರಾಕ್ಸ್ ಯಂತ್ರದ ಪಕ್ಕದಿಂದ ಎತ್ತಿಡಿ. ಈ ಮೂರನ್ನು ಮಾಡಿದರೆ ನಿಮ್ಮ ತೊಂದರೆಯ ದೊಡ್ಡ ಪಾಲು ಕಡಿಮೆಯಾಗುತ್ತದೆ. ಏಕೆಂಬುದನ್ನು ವಿವರವಾಗಿ ಹೇಳಬೇಕಾದರೆ ರಬ್ಬರಿನ ಹುಟ್ಟುಗುಣದಿಂದಲೇ ಆರಂಭಿಸಬೇಕು.

ರಬ್ಬರು ಮೂಲತಃ ಅಂಟುವ ವಸ್ತು. ಸುಳ್ಯ, ಬೆಳ್ತಂಗಡಿ ಕಡೆಯ ತೋಟಗಳಲ್ಲಿ ರಬ್ಬರ್ ಹಾಲಿಗೆ ಆಮ್ಲ ಬೆರೆಸಿ, ಮೊಸರಿನಂತೆ ಗಟ್ಟಿಯಾದುದನ್ನು ರೋಲರಿನಲ್ಲಿ ಹಿಂಡಿ, ಹೊಗೆಗೂಡಿನಲ್ಲಿ ಒಣಗಿಸಿ ಶೀಟು ಮಾಡುವುದನ್ನು ನೋಡಿದವರಿಗೆ ಇದು ಗೊತ್ತು. ಒಣಗಿದ ಎರಡು ಶೀಟುಗಳನ್ನು ಒಂದರ ಮೇಲೊಂದಿಟ್ಟು ಭಾರ ಹೇರಿದರೆ, ನಡುವೆ ಯಾವ ಗೋಂದೂ ಇಲ್ಲದೆ ಅವು ಒಂದಾಗಿಬಿಡುತ್ತವೆ. ಆದ್ದರಿಂದಲೇ ಶೀಟುಗಳನ್ನು ದೊಡ್ಡ ಗಂಟಾಗಿ ಒತ್ತಿದ ಮೇಲೆ ಹೊರಮೈಗೆ ಟಾಲ್ಕ್ ಪುಡಿ ಬೆರೆತ ಲೇಪ ಹಚ್ಚುವ ರೂಢಿ ಇದೆ. 1823ರಲ್ಲಿ ಚಾರ್ಲ್ಸ್ ಮ್ಯಾಕಿಂತೋಷ್ ರಬ್ಬರಿನ ಮಳೆಯಂಗಿಗೆ ಹಕ್ಕುಪತ್ರ (ಪೇಟೆಂಟ್) ಪಡೆದಾಗ ಹಸಿ ರಬ್ಬರನ್ನು ಬಟ್ಟೆಯ ಹೊರಮೈಗೆ ಬಳಿಯದೆ ಎರಡು ಬಟ್ಟೆಗಳ ನಡುವೆ ಇಟ್ಟಿದ್ದ. ಆದರೂ ಬೇಸಿಗೆಯಲ್ಲಿ ಆ ಅಂಗಿಗಳು ಜಿಗುಟಾಗುತ್ತಿದ್ದವು, ಚಳಿಯಲ್ಲಿ ಹಲಗೆಯಂತೆ ಸೆಟೆದುಕೊಳ್ಳುತ್ತಿದ್ದವು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಈ ಎರಡೂ ದೋಷಗಳು ಅಡಗುತ್ತವೆ ಎಂದು ಕಂಡುಕೊಂಡ ಮೇಲಷ್ಟೇ ರಬ್ಬರ್ ಬ್ಯಾಂಡಿನಂಥ ವಸ್ತು ಸಾಧ್ಯವಾಯಿತು. ಇಂಗ್ಲೆಂಡಿನ ಸ್ಟೀಫನ್ ಪೆರ್‍ರಿ ಅದಕ್ಕೆ ಹಕ್ಕುಪತ್ರ ಪಡೆದದ್ದು 1845ರ ಮಾರ್ಚ್ 17ರಂದು, ಅಂದರೆ ಆರೇ ವರ್ಷಗಳ ಅಂತರದಲ್ಲಿ.

ಗಂಧಕ ಮಾಡುವ ಕೆಲಸವೇನೆಂದರೆ, ಉದ್ದುದ್ದ ನೂಲಿನೆಳೆಗಳಂತಿರುವ ರಬ್ಬರಿನ ಅಣುಗಳನ್ನು ಅಲ್ಲಲ್ಲಿ ಒಂದಕ್ಕೊಂದು ಗಂಟು ಹಾಕುವುದು. ಗಂಟು ಬಿದ್ದ ಎಳೆಗಳು ಎಳೆದರೆ ಹಿಗ್ಗುತ್ತವೆ, ಬಿಟ್ಟರೆ ಸ್ವಸ್ಥಾನಕ್ಕೆ ಮರಳುತ್ತವೆ, ಹಸಿ ರಬ್ಬರಿನಂತೆ ಹರಿದು ಹೋಗಿ ಪಕ್ಕದ ವಸ್ತುವಿನೊಳಗೆ ಬೆರೆಯುವುದಿಲ್ಲ. ಆದರೆ ನೂರು ಭಾಗ ರಬ್ಬರಿಗೆ ಒಂದರಿಂದ ಮೂರು ಭಾಗದಷ್ಟು ಗಂಧಕ ಹಾಕಿದಾಗ ಬೀಳುವ ಗಂಟುಗಳು ಬಹಳ ವಿರಳ. ಎರಡು ಗಂಟುಗಳ ನಡುವಿನ ಎಳೆ ಸದಾ ಮಿಸುಕಾಡುತ್ತಲೇ ಇರುತ್ತದೆ. ಮೈನಸ್ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಸಿದರೆ ಮಾತ್ರ ನೈಸರ್ಗಿಕ ರಬ್ಬರಿನ ಈ ಮಿಸುಕಾಟ ನಿಂತು ಅದು ಗಾಜಿನಂತೆ ಪೆಡಸಾಗುತ್ತದೆ. ನಮ್ಮ ಕೋಣೆಯ ಉಷ್ಣತೆಯಲ್ಲಿ ಬ್ಯಾಂಡಿನ ಮೇಲ್ಮೈ ಘನವಸ್ತುವಿನಂತೆ ಕಂಡರೂ ಅಣುಗಳ ಮಟ್ಟದಲ್ಲಿ ಅರ್ಧ ದ್ರವವೇ ಸರಿ.

ಧೂಳಿನ ಕಣವೊಂದು ಉಕ್ಕಿನ ಪಿನ್ನಿನ ಮೇಲೆ ಬಿದ್ದಾಗ ಏನಾಗುತ್ತದೆ ನೋಡಿ. ಕಣವೂ ಒರಟು, ಉಕ್ಕೂ ಅದರದೇ ಮಟ್ಟಿಗೆ ಒರಟು. ಹೀಗಾಗಿ ಅವೆರಡೂ ನಿಜವಾಗಿ ತಾಗುವುದು ಎರಡು ಮೂರು ಚುಕ್ಕೆಗಳಲ್ಲಿ ಮಾತ್ರ. ಅಣು ಅಣುಗಳ ನಡುವಿನ ಸೆಳೆತ ತೀರ ಹತ್ತಿರ ಬಂದಾಗಷ್ಟೇ ಕೆಲಸ ಮಾಡುವುದರಿಂದ ಆ ಕಣ ಸಡಿಲವಾಗಿಯೇ ಕೂತಿರುತ್ತದೆ ಮತ್ತು ಊದಿದರೆ ಹಾರಿಹೋಗುತ್ತದೆ. ರಬ್ಬರು ಉಕ್ಕಿಗಿಂತ ಲಕ್ಷಾಂತರ ಪಟ್ಟು ಮೆದು. ಅದೇ ಕಣ ಬ್ಯಾಂಡಿನ ಮೇಲೆ ಬಿದ್ದರೆ ಮೇಲ್ಮೈ ಸ್ವಲ್ಪ ತಗ್ಗಿ ಕಣದ ಉಬ್ಬು ತಗ್ಗುಗಳಿಗೆ ಹೊಂದಿಕೊಳ್ಳುತ್ತದೆ. ಕಣ ಹಾಸಿಗೆಯಲ್ಲಿ ಮಲಗಿದಂತೆ ಅದರಲ್ಲಿ ಹುದುಗುತ್ತದೆ, ಹೊತ್ತು ಕಳೆದಂತೆ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ. ಅಂಟುಟೇಪುಗಳನ್ನು ರೂಪಿಸುವವರು ಬಳಸುವ ಒಂದು ಅಳತೆಗೋಲಿದೆ. ವಸ್ತುವಿನ ಬಿಗಿತ ಸುಮಾರು ಮೂರು ಲಕ್ಷ ಪಾಸ್ಕಲಿಗಿಂತ (ಪಾಸ್ಕಲ್ ಎಂದರೆ ಒತ್ತಡ, ಬಿಗಿತಗಳ ಅಳತೆಮಾನ) ಕೆಳಗಿಳಿದರೆ ಅದು ಮುಟ್ಟಿದ್ದಕ್ಕೆಲ್ಲ ಅಂಟತೊಡಗುತ್ತದೆ ಎಂಬುದೇ ಅದು. ಹೊಸ ಬ್ಯಾಂಡಿನ ಬಿಗಿತ ಅದರ ಮೂರು ನಾಲ್ಕು ಪಟ್ಟು ಮಾತ್ರ ಇರುತ್ತದೆ. ಹೀಗೆ ಬ್ಯಾಂಡು ಹುಟ್ಟಿನಿಂದಲೇ ಅಂಟಿನ ಗಡಿಯ ಹತ್ತಿರ ಬದುಕುವ ವಸ್ತು, ಮತ್ತು ಅದರ ಬಿಗಿತವನ್ನು ಕುಗ್ಗಿಸುವ ಪ್ರತಿಯೊಂದು ಕಾರಣವೂ ಅದನ್ನು ಗಡಿಯಾಚೆಗೆ ತಳ್ಳುತ್ತದೆ.

ಹಾಗಾದರೆ ಪೊಟ್ಟಣ ಒಡೆದ ದಿನ ಅವು ಅಂಟದೆ ಉದುರುದುರಾಗಿ ಬಿದ್ದದ್ದು ಹೇಗೆ? ಕಾರ್ಖಾನೆಯಲ್ಲಿ ಮೈಗೆ ಹಚ್ಚಿದ ಪುಡಿಯ ದೆಸೆಯಿಂದ. ರಬ್ಬರಿನ ಮಿಶ್ರಣವನ್ನು ಉದ್ದನೆಯ ಕೊಳವೆಯಾಗಿ ಹೊರಡಿಸಿ, ಬಿಸಿಯಲ್ಲಿ ಹದಗೊಳಿಸಿ, ಆಮೇಲೆ ಬೆಂಡೆಕಾಯಿ ಹೆಚ್ಚಿದಂತೆ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದರೆ ಬ್ಯಾಂಡು ಸಿದ್ಧ. ಕೊಳವೆಯ ಒಳಗೋಡೆಗಳು ಒಂದಕ್ಕೊಂದು ಕೂಡಿಕೊಳ್ಳದಿರಲಿ, ಕತ್ತರಿಸಿದ ಮೇಲೆ ಬ್ಯಾಂಡುಗಳು ಮುದ್ದೆಯಾಗದಿರಲಿ ಎಂದು ಟಾಲ್ಕನ್ನೋ ಅದರಂಥ ಬೇರೆ ಪುಡಿಯನ್ನೋ ಬಳಸುತ್ತಾರೆ. ಸೈಕಲ್ಲಿನ ಹೊಸ ಟ್ಯೂಬನ್ನು ಕತ್ತರಿಸಿ ನೋಡಿದರೆ ಒಳಗೆಲ್ಲ ಬಿಳಿ ಪುಡಿ ಕಾಣುವುದು ಇದಕ್ಕೇ. ಪಂಕ್ಚರ್ ಹಾಕುವವರು ತೇಪೆಯ ಸುತ್ತ ಚಾಕ್ ಪೌಡರ್ ಸವರಿಯೇ ಟ್ಯೂಬನ್ನು ಟಯರಿನೊಳಗೆ ಸೇರಿಸುವುದೂ ಇದಕ್ಕೇ. ಟಾಲ್ಕ್ ಎಂದರೆ ಬೇರೇನೂ ಅಲ್ಲ, ನಾವು ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪದ ಕಲ್ಲಿಗೆ ಆ ನುಣುಪು ಕೊಡುವ ಖನಿಜ. ಅದರ ಹಾಳೆಯಂಥ ಕಣಗಳು ಬ್ಯಾಂಡಿನ ಮೈಯನ್ನು ಮೊದಲೇ ಆಕ್ರಮಿಸಿಕೊಂಡಿರುತ್ತವೆ. ಬೇರೆ ಧೂಳಿಗೆ ಕೂರಲು ಜಾಗವೇ ಉಳಿದಿರುವುದಿಲ್ಲ. ನಮ್ಮ ರಬ್ಬರಿನ ವೃತ್ತಿಯಲ್ಲಿ ಬೇಡದ ಧೂಳನ್ನು ಬೇಕಾದ ಧೂಳಿನಿಂದಲೇ ತಡೆಯುವುದು ಬಹಳ ಹಳೆಯ ಉಪಾಯ.

ನೀವು ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದಾಗ ಹೋದದ್ದು ಈ ಪುಡಿ. ಜೊತೆಗೆ, ಮಿಶ್ರಣದಲ್ಲಿ ಮೇಣ ಬೆರೆಸಿದ್ದರೆ, ಒಳಗಿನಿಂದ ಮೆಲ್ಲಗೆ ಹೊರಬಂದು ತೆಳುಪದರವಾಗಿ ನಿಂತು ಕಾಪಾಡುತ್ತಿದ್ದ ಆ ಮೇಣವೂ ಸ್ವಲ್ಪ ಮಟ್ಟಿಗೆ ಹೋಗಿರುತ್ತದೆ. ಹೀಗೆ ಬರಿಮೈಯಾದ ಬ್ಯಾಂಡುಗಳನ್ನು ಮಾಳಿಗೆಯ ಬಿಸಿಲಿಗೆ ಹಾಕಿದಿರಿ. ಮುಂದಿನ ಹದಿನೈದು ದಿನಗಳಲ್ಲಿ ಕಂಡದ್ದೆಲ್ಲ ಅದರ ಫಲ.

ಇಲ್ಲಿಂದ ರಬ್ಬರಿನ ಮುಪ್ಪಿನ ವಿಷಯ ಬರುತ್ತದೆ. ನೈಸರ್ಗಿಕ ರಬ್ಬರಿನ ಅಣುವಿನಲ್ಲಿ ಸಾವಿರಾರು ಒಂದೇ ತೆರನ ಘಟಕಗಳು ಸಾಲಾಗಿ ಜೋಡಿಕೊಂಡಿರುತ್ತವೆ, ಪ್ರತಿ ಘಟಕದಲ್ಲಿ ಇಂಗಾಲದ ಒಂದು ಜೋಡಿಬಂಧವಿರುತ್ತದೆ. ಆಮ್ಲಜನಕ ಮತ್ತು ಅದರದೇ ಇನ್ನೊಂದು ಉಗ್ರ ರೂಪವಾದ ಓಝೋನ್ ಅನಿಲ ದಾಳಿಯಿಡುವುದು ಈ ಜಾಗಗಳಲ್ಲೇ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಆಮ್ಲಜನಕದ ಕೆಲಸಕ್ಕೆ ಕಿಡಿ ಹಚ್ಚುತ್ತದೆ, ಶಾಖ ಅದನ್ನು ಚುರುಕುಗೊಳಿಸುತ್ತದೆ. ಹತ್ತು ಡಿಗ್ರಿ ಬಿಸಿ ಏರಿದರೆ ಕ್ರಿಯೆಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬ ಸ್ಥೂಲ ಲೆಕ್ಕವನ್ನು ನಾವು ಇಟ್ಟುಕೊಂಡಿರುತ್ತೇವೆ. ರಬ್ಬರು ತನ್ನ ತೂಕದ ಸುಮಾರು ಶೇಕಡಾ 1ರಷ್ಟು ಆಮ್ಲಜನಕವನ್ನು ಹೀರಿಕೊಂಡರೆ ಸಾಕು, ಕೆಲಸಕ್ಕೆ ಬಾರದಷ್ಟು ಕೆಡುತ್ತದೆ. ನೈಸರ್ಗಿಕ ರಬ್ಬರಿನ ವಿಶೇಷವೆಂದರೆ ಈ ದಾಳಿಯಲ್ಲಿ ಮೊದಲು ಅದರ ಎಳೆಗಳು ತುಂಡಾಗುತ್ತವೆ. ತುಂಡಾದ ಎಳೆಗೆ ಗಂಟಿನ ಹಂಗಿರುವುದಿಲ್ಲ, ಅದು ಮತ್ತೆ ಹಸಿ ಶೀಟಿನ ರಬ್ಬರಿನಂತೆ ಹರಿಯತೊಡಗುತ್ತದೆ, ಮುಟ್ಟಿದ್ದಕ್ಕೆ ಮೆತ್ತುತ್ತದೆ. ಗುಡ್‌ಇಯರ್ ಅಡಗಿಸಿದ್ದ ಅಂಟು ಹೀಗೆ ಮರಳಿ ಬರುತ್ತದೆ. ಇನ್ನೂ ಮುಂದಕ್ಕೆ ಹೋದರೆ ಅದೇ ಬ್ಯಾಂಡು ಒಣಗಿ, ಗಡುಸಾಗಿ, ಮುಟ್ಟಿದರೆ ಮುರಿಯುವ ಸ್ಥಿತಿಗೆ ಬರುತ್ತದೆ. ಬೀರುವಿನ ಮೂಲೆಯಲ್ಲಿ ಸಿಗುವ ಹಪ್ಪಳದಂಥ ಬ್ಯಾಂಡುಗಳು ಈ ಕೊನೆಯ ಹಂತದವು. ಅವುಗಳಿಗೆ ಹೊಸದಾಗಿ ಧೂಳು ಅಂಟುವುದಿಲ್ಲ, ಆದರೆ ಜಿಗುಟಾಗಿದ್ದ ಕಾಲದಲ್ಲಿ ಹಿಡಿದ ಧೂಳು ಅವುಗಳೊಳಗೇ ಹೂತುಹೋಗಿರುತ್ತದೆ.

ಈಗ ನಿಮ್ಮ ಜೆರಾಕ್ಸ್ ಯಂತ್ರದ ಕಡೆಗೆ ಬರೋಣ, ಏಕೆಂದರೆ ನಿಮ್ಮ ಅಂಗಡಿಯ ಮಟ್ಟಿಗೆ ಮುಖ್ಯ ಆರೋಪಿ ಅದೇ ಎಂದು ನನ್ನ ಅನುಮಾನ. ಯಂತ್ರದೊಳಗಿನ ಡ್ರಮ್ಮಿಗೆ ವಿದ್ಯುದಂಶ ತುಂಬಲು ಹಳೆಯ ಮಾದರಿಗಳಲ್ಲಿ ತೆಳುವಾದ ತಂತಿಯೊಂದಕ್ಕೆ ಸಾವಿರಾರು ವೋಲ್ಟ್ ಕೊಡುತ್ತಾರೆ. ಆ ತಂತಿಯ ಸುತ್ತಲಿನ ಗಾಳಿಯಲ್ಲಿ ಓಝೋನ್ ಹುಟ್ಟುತ್ತದೆ. ಸತತವಾಗಿ ನೂರಾರು ಪ್ರತಿ ತೆಗೆಯುವಾಗ ಮೂಗಿಗೆ ಅಡರುವ ಚುರುಕು ವಾಸನೆ ಇದರದೇ. ರೋಲರಿನಿಂದ ವಿದ್ಯುದಂಶ ಕೊಡುವ ಹೊಸ ಯಂತ್ರಗಳಲ್ಲಿ ಓಝೋನ್ ಬಹಳ ಕಡಿಮೆ. ನೈಸರ್ಗಿಕ ರಬ್ಬರಿಗೆ ಓಝೋನಿನಷ್ಟು ದೊಡ್ಡ ಶತ್ರು ಬೇರೆ ಇಲ್ಲ. ಬಯಲಿನ ಗಾಳಿಯ ಹತ್ತು ಕೋಟಿ ಭಾಗಗಳಲ್ಲಿ ಕೆಲವೇ ಭಾಗದಷ್ಟಿದ್ದರೂ, ಹಿಗ್ಗಿಸಿಟ್ಟ ಬ್ಯಾಂಡನ್ನು ಅದು ಅಡ್ಡಡ್ಡಲಾಗಿ ಸೀಳುತ್ತದೆ. ಪ್ರಯೋಗಾಲಯದಲ್ಲಿ ನಾವು ರಬ್ಬರಿನ ತಾಳಿಕೆಯನ್ನು ಪರೀಕ್ಷಿಸುವಾಗ 40 ಡಿಗ್ರಿ ಉಷ್ಣತೆಯಲ್ಲಿ, ಹತ್ತು ಕೋಟಿಗೆ 50 ಭಾಗದಷ್ಟು ಓಝೋನ್ ಇರುವ ಪೆಟ್ಟಿಗೆಯಲ್ಲಿ ತುಂಡನ್ನು ಶೇಕಡಾ 20ರಷ್ಟು ಎಳೆದು ಕಟ್ಟುತ್ತೇವೆ. ಯಾವ ರಕ್ಷಕವನ್ನೂ ಬೆರೆಸದ ನೈಸರ್ಗಿಕ ರಬ್ಬರು ಅಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಬಿರುಕು ಬಿಟ್ಟ ಮೈಗೆ ಧೂಳು ಹಿಡಿಯುವುದು ಇನ್ನೂ ಸುಲಭ, ಬಿರುಕಿನೊಳಗೆ ಹೊಕ್ಕ ಕಣವನ್ನು ಯಾವ ಬಟ್ಟೆಯೂ ಒರೆಸಲಾರದು.

ಅದೇ ಯಂತ್ರ ಎರಡನೆಯ ಅಪಚಾರವನ್ನೂ ಮಾಡುತ್ತದೆ. ಟೋನರ್ ಎಂದರೆ ಪ್ಲಾಸ್ಟಿಕ್ಕಿನಲ್ಲಿ ಕಾಡಿಗೆಯಂಥ ಇಂಗಾಲ ಬೆರೆಸಿದ ಪುಡಿ, ಕಣದ ಗಾತ್ರ ಕೂದಲೆಳೆಯ ದಪ್ಪದ ಹತ್ತನೇ ಒಂದು ಭಾಗದಷ್ಟು. ವಿದ್ಯುದಂಶದ ಸೆಳೆತದಿಂದ ಕಾಗದಕ್ಕೆ ಹಾರಿ ಕೂರಲೆಂದೇ ಅದನ್ನು ರೂಪಿಸಿರುತ್ತಾರೆ. ರಬ್ಬರು ಉತ್ತಮ ವಿದ್ಯುತ್ ನಿರೋಧಕವಾದುದರಿಂದ ಕೈಯಿಂದ ಕೆದಕಿದಾಗ, ಒಂದಕ್ಕೊಂದು ಉಜ್ಜಿದಾಗ ಅದರ ಮೈಯಲ್ಲಿ ಉಳಿಯುವ ಸ್ಥಿರ ವಿದ್ಯುತ್ತು ಹರಿದುಹೋಗಲು ದಾರಿಯಿಲ್ಲದೆ ಅಲ್ಲೇ ನಿಲ್ಲುತ್ತದೆ, ಮತ್ತು ಸುತ್ತಲಿನ ಸಣ್ಣ ಕಣಗಳನ್ನು ಎಳೆದುಕೊಳ್ಳುತ್ತದೆ. ಗದಗಿನ ಒಣಗಾಳಿಯಲ್ಲಿ, ಅದರಲ್ಲೂ ಡಿಸೆಂಬರಿನಿಂದ ಮಾರ್ಚಿನವರೆಗೆ, ಇದರ ಪ್ರಭಾವ ಕರಾವಳಿಗಿಂತ ಹೆಚ್ಚು. ಆದರೂ ಒಂದು ಮಾತನ್ನು ಒತ್ತಿ ಹೇಳಬೇಕು. ಎಲ್ಲವನ್ನೂ ಸ್ಥಿರ ವಿದ್ಯುತ್ತಿನ ತಲೆಗೆ ಕಟ್ಟುವ ಅಭ್ಯಾಸ ಹಲವರಲ್ಲಿದೆ, ಅದು ಸರಿಯಲ್ಲ. ವಿದ್ಯುತ್ತು ಕಣವನ್ನು ಬಾಗಿಲವರೆಗೆ ಕರೆತರುತ್ತದೆ ಅಷ್ಟೆ, ಹಿಡಿದು ಕೂರಿಸುವುದು ಮೆದುತನ ಮತ್ತು ಅಂಟು. ಪ್ಲಾಸ್ಟಿಕ್ ಸ್ಕೇಲಿಗೂ ಸ್ಥಿರ ವಿದ್ಯುತ್ತು ಬರುತ್ತದೆ, ಆದರೆ ಅದರ ಧೂಳನ್ನು ಒಂದೇ ಸಲ ಒರೆಸಿ ತೆಗೆಯಬಹುದು.

ನಿಮ್ಮಲ್ಲಿ ಮುದ್ರಣದ ಅಕ್ಷರ ನೋಡುವ ಭೂತಗನ್ನಡಿ ಇದ್ದರೆ ಟ್ರೇಯಿಂದ ಒಂದು ಬ್ಯಾಂಡನ್ನು ತೆಗೆದು ಬಿಳಿ ಕಾಗದದ ಮೇಲಿಟ್ಟು ನೋಡಿ. ಮೊದಲು ಕಾಣುವುದು ಬಟ್ಟೆಯ ಮತ್ತು ಕಾಗದದ ನಾರುಗಳು, ಒಂದು ತುದಿ ಅಂಟಿಕೊಂಡು ಇನ್ನೊಂದು ತುದಿ ಗಾಳಿಯಲ್ಲಿ ನೆಟ್ಟಗೆ ನಿಂತಿರುತ್ತದೆ. ಅವುಗಳ ಬುಡದಲ್ಲಿ ಕಂದು ಮಣ್ಣಿನ ಕಣಗಳು, ಎಲ್ಲಕ್ಕಿಂತ ಕೆಳಗೆ ರಬ್ಬರಿಗೆ ಹತ್ತಿಕೊಂಡಂತೆ ಕಪ್ಪು ಪದರ. ಕತ್ತರಿ ಹಾಯ್ದ ಎರಡು ಅಂಚುಗಳಲ್ಲಿ ಧೂಳು ದಟ್ಟವಾಗಿರುತ್ತದೆ, ಏಕೆಂದರೆ ಆ ಅಂಚುಗಳು ಕೊಳವೆಯ ನುಣುಪು ಮೈಯಂತಿರದೆ ಗೀರುಗೀರಾಗಿರುತ್ತವೆ. ಈಗ ಬ್ಯಾಂಡನ್ನು ಮೆಲ್ಲಗೆ ಎಳೆಯಿರಿ. ಕಪ್ಪು ಪದರ ಬೇಸಿಗೆಯ ಕೆರೆಯ ತಳದಂತೆ ಹೋಳು ಹೋಳಾಗಿ ಬಿರಿದು ನಡುವೆ ರಬ್ಬರಿನ ಹಳದಿಯೋ ಕೆಂಪೋ ಬಣ್ಣ ಇಣುಕಿದರೆ, ಒಳಗಿನ ರಬ್ಬರು ಇನ್ನೂ ಚೆನ್ನಾಗಿದೆ, ಧೂಳು ಹೊರಮೈಗಷ್ಟೇ ಕೂತಿದೆ ಎಂದರ್ಥ. ಬಿರಿಯದೆ, ಧೂಳು ರಬ್ಬರಿನ ಜೊತೆಗೇ ಹಿಗ್ಗಿ ಬೂದುಬಣ್ಣವಾಗಿ ಹರಡಿದರೆ, ಮೇಲ್ಮೈ ಕರಗತೊಡಗಿದೆ. ಅಂಥದ್ದನ್ನು ಉಳಿಸಲು ಹೋಗಬೇಡಿ.

ನೀವು ಕೇಳಿಲ್ಲ, ಆದರೆ ಅಂಗಡಿಯವರಾದ ನಿಮಗೆ ಗಿರಾಕಿಗಳಿಂದ ಬಂದೇ ಬರುವ ದೂರು ಒಂದಿದೆ: "ಹೊಸ ಪೊಟ್ಟಣದಲ್ಲೇ ಬಿಳಿ ಧೂಳು." ಅದು ಹೊರಗಿನ ಧೂಳಲ್ಲ. ಒಂದೋ ಅದು ಕಾರ್ಖಾನೆಯ ಪುಡಿ, ಇಲ್ಲವೇ ರಬ್ಬರಿನೊಳಗೆ ಬೆರೆಸಿದ್ದ ಮೇಣ, ಹೆಚ್ಚುವರಿ ಗಂಧಕ ಮುಂತಾದವು ಮೆಲ್ಲಗೆ ಹೊರಗೆ ಬಂದು ಮೈಮೇಲೆ ಹರಳುಗಟ್ಟಿದ್ದು. ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಸುಲಭ. ಒರೆಸಿ ತೆಗೆದ ಬಿಳುಪು ಕೆಲವು ದಿನಗಳಲ್ಲಿ ಮರಳಿ ಬಂದರೆ, ಅಥವಾ ಬ್ಯಾಂಡನ್ನು ಮುಷ್ಟಿಯಲ್ಲಿ ಬೆಚ್ಚಗೆ ಹಿಡಿದಾಗ ಮಾಯವಾದರೆ, ಅದು ಒಳಗಿನಿಂದ ಬಂದದ್ದು. ಮೇಣದ ಆ ಪದರ ಓಝೋನಿನಿಂದ ಕಾಪಾಡುವಂಥದ್ದು. ಅದನ್ನು ತೆಗೆಯುವುದು ಲಾಭದ ಕೆಲಸವಲ್ಲ ಎಂದು ಗಿರಾಕಿಗೆ ಧೈರ್ಯವಾಗಿ ಹೇಳಿ.

ಅಡುಗೆಮನೆಯ ಮೊಳೆಯ ವಿಷಯ ಬೇರೆ. ಅಲ್ಲಿ ಓಝೋನಿಗಿಂತ ಎಣ್ಣೆಯದೇ ಕಾರುಬಾರು. ಒಗ್ಗರಣೆ ಸಿಡಿದಾಗ, ಬಜ್ಜಿ ಕರಿದಾಗ ಎದ್ದ ಎಣ್ಣೆಯ ಹಬೆ ಗೋಡೆ, ಫ್ಯಾನು, ಡಬ್ಬಿಗಳ ಮೇಲೆಲ್ಲ ಕೂರುವಂತೆ ಬ್ಯಾಂಡಿನ ಮೇಲೂ ಕೂರುತ್ತದೆ. ಫ್ಯಾನಿನ ರೆಕ್ಕೆಯ ಮೇಲೆ ಕೂತ ಎಣ್ಣೆ ಅಲ್ಲೇ ಜಿಡ್ಡಾಗಿ ನಿಲ್ಲುತ್ತದೆ, ಆದರೆ ನೈಸರ್ಗಿಕ ರಬ್ಬರು ಎಣ್ಣೆಯನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಹೀರಿದಂತೆ ಉಬ್ಬಿ ಮೆದುವಾಗುತ್ತದೆ, ಮೆದುವಾದಂತೆ ನಾನು ಮೇಲೆ ಹೇಳಿದ ಅಂಟಿನ ಗಡಿಯನ್ನು ದಾಟುತ್ತದೆ. ನಿಮ್ಮ ನೆರೆಯವರ ಕೊಬ್ಬರಿ ಎಣ್ಣೆಯ ಸಲಹೆ ತಪ್ಪಾಗುವುದು ಇಲ್ಲಿಯೇ. ಹಚ್ಚಿದ ದಿನ ಬ್ಯಾಂಡು ಮೃದುವಾಗಿ ಹೊಳೆಯುತ್ತದೆ, ಅವರು ಕಂಡದ್ದು ಅದನ್ನೇ ಇರಬೇಕು. ವಾರ ಕಳೆಯುವಷ್ಟರಲ್ಲಿ ಅದು ಬಲಗುಂದಿ, ಜಿಡ್ಡಾಗಿ, ಹಾರುವ ಧೂಳನ್ನೆಲ್ಲ ಬಾಚಿಕೊಳ್ಳುತ್ತದೆ. ಸೀಮೆಎಣ್ಣೆ, ಪೆಟ್ರೋಲು, ಹೊಲಿಗೆಯಂತ್ರದ ಎಣ್ಣೆ ಇನ್ನೂ ಕೆಟ್ಟವು. ಹೋಟೆಲಿನಿಂದ ಬಂದ ಸಾಂಬಾರಿನ ಪಾರ್ಸೆಲ್ಲಿಗೆ ಸುತ್ತಿದ ಬ್ಯಾಂಡನ್ನು ತೆಗೆದು ಒಳ್ಳೆಯ ಬ್ಯಾಂಡುಗಳ ರಾಶಿಗೆ ಹಾಕುವ ಅಭ್ಯಾಸವನ್ನೂ ಬಿಡುವುದು ಒಳ್ಳೆಯದು. ಜಿಡ್ಡು ಒಂದರಿಂದ ಮತ್ತೊಂದಕ್ಕೆ ಹರಡುತ್ತದೆ.

ತಡೆಯುವ ದಾರಿಗೆ ಬರೋಣ. ಧೂಳನ್ನು ಬೆನ್ನಟ್ಟಿ ಒರೆಸುತ್ತಾ ಕೂರುವುದಕ್ಕಿಂತ ರಬ್ಬರಿನ ಮುಪ್ಪನ್ನು ತಡಮಾಡುವುದರಲ್ಲೇ ಜಾಣತನವಿದೆ. ಅಂಗಡಿಯಲ್ಲಿ ಆ ದಿನಕ್ಕೆ, ಹೆಚ್ಚೆಂದರೆ ವಾರಕ್ಕೆ ಬೇಕಾದಷ್ಟನ್ನು ಮಾತ್ರ ಹೊರಗಿಡಿ, ಅದನ್ನೂ ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿಡಿ, ಯಂತ್ರದಿಂದ ಕೋಣೆಯ ಇನ್ನೊಂದು ತುದಿಗೆ. ಉಳಿದ ದಾಸ್ತಾನನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಬೆಳಕು ತೂರದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಕೆಳಗಿನ ಖಾನೆಯಲ್ಲಿಡಿ. ತಗಡಿನ ಮಾಳಿಗೆಯ ಕೆಳಗಿನ ಅಟ್ಟ ಬೇಡವೇ ಬೇಡ. ರಬ್ಬರ್ ವಸ್ತುಗಳ ದಾಸ್ತಾನಿನ ಬಗೆಗಿನ ಅಂತರರಾಷ್ಟ್ರೀಯ ಮಾನದಂಡ ಹೇಳುವುದೂ ಇದನ್ನೇ: 25 ಡಿಗ್ರಿಗಿಂತ ಕಡಿಮೆ ಉಷ್ಣತೆ, ಕತ್ತಲು, ಎಳೆತವಿಲ್ಲದ ಸ್ಥಿತಿ, ಮತ್ತು ಓಝೋನ್ ಹುಟ್ಟಿಸುವ ವಿದ್ಯುತ್ ಯಂತ್ರಗಳಿಲ್ಲದ ಕೋಣೆ. ಗದಗಿನ ಏಪ್ರಿಲ್ ತಿಂಗಳಲ್ಲಿ 25 ಡಿಗ್ರಿ ಎಂಬುದು ಕನಸಿನ ಮಾತು, ಒಪ್ಪುತ್ತೇನೆ. ಅದಕ್ಕೇ ಒಂದೇ ಸಲ ಕಿಲೋಗಟ್ಟಲೆ ಕೊಳ್ಳುವ ಬದಲು ಆರು ತಿಂಗಳಿಗೆ ಸಾಲುವಷ್ಟು ಮಾತ್ರ ಕೊಳ್ಳಿ, ಹಳೆಯದು ಮುಗಿದ ಮೇಲೆ ಹೊಸದನ್ನು ಒಡೆಯಿರಿ, ಎರಡನ್ನೂ ಬೆರೆಸಬೇಡಿ. ಮನೆಯ ಮಟ್ಟಿಗಾದರೆ ಚೀಲವನ್ನು ಕಟ್ಟಿ ಫ್ರಿಜ್ಜಿನ ಬಾಗಿಲಿನ ಖಾನೆಯಲ್ಲಿಡಬಹುದು. ಹೊರತೆಗೆದಾಗ ಸ್ವಲ್ಪ ಬಿಗಿಯೆನಿಸಿದರೂ ಕೋಣೆಯ ಬಿಸಿಗೆ ಮೊದಲಿನಂತಾಗುತ್ತದೆ.

ಡಬ್ಬಿಯ ಆಯ್ಕೆಯಲ್ಲಿ ಒಂದು ಎಚ್ಚರಿಕೆ. ಅಜ್ಜಿಯ ಕಾಲದ ಹಿತ್ತಾಳೆ ಡಬ್ಬಿ ನೋಡಲು ಚೆಂದವಾದರೂ ಅದಕ್ಕೆ ಬ್ಯಾಂಡು ಹಾಕಬೇಡಿ, ತಾಮ್ರದ ತಂತಿಯ ಕೊಕ್ಕೆಗೂ ಸಿಕ್ಕಿಸಬೇಡಿ. ತಾಮ್ರದ ಅತ್ಯಲ್ಪ ಅಂಶವೂ ರಬ್ಬರಿನ ಮೇಲೆ ಆಮ್ಲಜನಕದ ದಾಳಿಯನ್ನು ಬಹಳ ಚುರುಕುಗೊಳಿಸುತ್ತದೆ. ನಮ್ಮ ಕಸುಬಿನಲ್ಲಿ ಅದನ್ನು ರಬ್ಬರಿನ ವಿಷವೆಂದೇ ಕರೆಯುತ್ತಾರೆ. ಮೆತ್ತನೆಯ ಪಿವಿಸಿ ಚೀಲಗಳಲ್ಲಿರುವ ಎಣ್ಣೆಯಂಥ ಮೃದುಕಾರಕ ರಬ್ಬರಿಗೆ ದಾಟಿಕೊಳ್ಳುವುದರಿಂದ ಅವೂ ಬೇಡ. ಸ್ಟೀಲು, ಗಾಜು, ಸಾಧಾರಣ ಪಾಲಿಥೀನ್ ಚೀಲ ಇವು ಸಾಕು.

ಪುಡಿಯ ಲೇಪವನ್ನು ಮನೆಯಲ್ಲೇ ಮರಳಿ ಕೊಡಬಹುದು. ಕಾಲು ಕಿಲೋ ಬ್ಯಾಂಡಿಗೆ ಒಂದು ಚಹಾ ಚಮಚ ಟಾಲ್ಕಂ ಪೌಡರ್ ಧಾರಾಳವಾಯಿತು. ಎರಡನ್ನೂ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಎರಡು ನಿಮಿಷ ಕುಲುಕಿ, ಹತ್ತು ನಿಮಿಷ ಬಿಟ್ಟು, ಹಿಟ್ಟಿನ ಜರಡಿಯಲ್ಲಿ ಸುರಿದು ಹೆಚ್ಚಿನ ಪುಡಿಯನ್ನು ಉದುರಿಸಿ. ಬೆರಳಿಗೆ ಬಿಳಿಯದು ಹತ್ತಬಾರದು, ಆದರೆ ಬ್ಯಾಂಡು ಬೆರಳಿನಿಂದ ಜಾರಬೇಕು, ಅದೇ ಹದ. ಪುಡಿ ಎದ್ದು ಮೂಗಿಗೆ ಹೋಗದಂತೆ ಚೀಲದ ಬಾಯಿಯನ್ನು ನಿಧಾನವಾಗಿ ತೆರೆಯಿರಿ, ಮಕ್ಕಳನ್ನು ದೂರವಿಡಿ. ಕಾರ್ನ್‌ಫ್ಲೋರ್ ಕೂಡ ಇದೇ ಕೆಲಸ ಮಾಡುತ್ತದೆ. ಆದರೆ ಮಂಗಳೂರು, ಕಾರವಾರದಂಥ ತೇವದ ಊರುಗಳಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ, ಇರುವೆ ಮುತ್ತುತ್ತದೆ. ಟಾಲ್ಕಿಗೆ ಆ ಭಯವಿಲ್ಲ. ರಬ್ಬರಿನ ಪ್ರೋಟೀನಿಗೆ ಅಲರ್ಜಿ ಇರುವವರು ಪುಡಿ ಹಾಕಿದ ಬ್ಯಾಂಡುಗಳಿಂದ ದೂರವಿರಬೇಕು, ಏಕೆಂದರೆ ಆ ಪ್ರೋಟೀನು ಪುಡಿಯ ಕಣಗಳಿಗೆ ಅಂಟಿ ಗಾಳಿಗೆ ಸೇರುತ್ತದೆ. ಅಮೆರಿಕದಲ್ಲಿ 2017ರ ಜನವರಿಯಿಂದ ಪುಡಿ ಹಾಕಿದ ವೈದ್ಯಕೀಯ ಕೈಗವಸುಗಳನ್ನು ನಿಷೇಧಿಸಿದ್ದಕ್ಕೆ ಇದೂ ಒಂದು ಕಾರಣ.

ಈಗಾಗಲೇ ಧೂಳು ಹಿಡಿದ, ಆದರೆ ಭೂತಗನ್ನಡಿಯ ಪರೀಕ್ಷೆಯಲ್ಲಿ ಗೆದ್ದ ಬ್ಯಾಂಡುಗಳನ್ನು ತೊಳೆಯಲೇಬೇಕೆಂದಿದ್ದರೆ ತಣ್ಣೀರು ಬಳಸಿ. ಬಿಸಿನೀರು ಟೋನರನ್ನು ಮೆತ್ತಗೆ ಮಾಡಿ ಇನ್ನಷ್ಟು ಬಲವಾಗಿ ಅಂಟಿಸಬಹುದು. ಪಾತ್ರೆ ತೊಳೆಯುವ ದ್ರವದ ನಾಲ್ಕೈದು ಹನಿ ಸಾಕು, ಬಟ್ಟೆಯ ಪೌಡರು ಬೇಡ. ತಿಕ್ಕದೆ ಕೈಯಲ್ಲಿ ಅಲಸಿ, ಎರಡು ಮೂರು ನೀರಿನಲ್ಲಿ ಜಾಲಿಸಿ, ನೆರಳಿನಲ್ಲಿ ಹತ್ತಿಬಟ್ಟೆಯ ಮೇಲೆ ಹರಡಿ. ಪೂರ್ತಿ ಒಣಗಿದ ಕೂಡಲೇ, ಅದೇ ದಿನ, ಪುಡಿ ಹಾಕಿಬಿಡಿ. ತೊಳೆದು ಪುಡಿ ಹಾಕದೆ ಬಿಡುವುದಾದರೆ ತೊಳೆಯದಿರುವುದೇ ಮೇಲು.

ನಿಮ್ಮ ತಂದೆಯವರ ಕಾಗದಪತ್ರಗಳ ವಿಷಯದಲ್ಲಿ ಮಾತ್ರ ಅವಸರ ಮಾಡಬೇಡಿ. ಬ್ಯಾಂಡು ಒಣಗಿ ಗಡುಸಾಗಿದ್ದರೆ ತೆಳುವಾದ, ಮೊಂಡಾದ ಚಾಕುವನ್ನು ಕಾಗದಕ್ಕೆ ಸಮಾನಾಂತರವಾಗಿ ಹಿಡಿದು ಚೂರು ಚೂರಾಗಿ ಎಬ್ಬಿಸಬಹುದು. ಇನ್ನೂ ಜಿಗುಟಾಗಿದ್ದರೆ ಎಳೆಯಬೇಡಿ, ಕಾಗದದ ಮೇಲ್ಪದರವೇ ಅಕ್ಷರಗಳ ಸಮೇತ ಕಿತ್ತುಬರುತ್ತದೆ. ಸಾಮಾನ್ಯ ನಕಲು ಪ್ರತಿಗಳಾದರೆ ಗಾಳಿಯಾಡದ ಚೀಲದಲ್ಲಿಟ್ಟು ಅರ್ಧ ಗಂಟೆ ಫ್ರೀಜರಿನಲ್ಲಿ ಇರಿಸಿ, ಹೊರತೆಗೆದ ಕೂಡಲೇ, ರಬ್ಬರು ಬಿಗಿಯಾಗಿರುವಾಗಲೇ, ಎಬ್ಬಿಸಿ ನೋಡಬಹುದು. ಶಾಯಿಯಲ್ಲಿ ಬರೆದ, ಮೊಹರು ಬಿದ್ದ ಮೂಲಪತ್ರಗಳಿಗೆ ತಂಪು ಕಾಗದದ ಮೇಲೆ ಕೂರುವ ನೀರಿನ ಹನಿಯೂ ಅಪಾಯವೇ. ಅವನ್ನು ಮೊದಲು ಇದ್ದಂತೆಯೇ ಫೋಟೋ ತೆಗೆದಿಟ್ಟುಕೊಂಡು, ಹಳೆಯ ಕಾಗದ ಸಂರಕ್ಷಿಸುವ ತಿಳಿವಳಿಕೆಯುಳ್ಳವರಿಗೆ ತೋರಿಸಿ. ಮುಂದೆ ಕಟ್ಟುವಾಗ ಹತ್ತಿಯ ಲಾಡಿ ಬಳಸಿ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಡಬೇಕಾದ ಯಾವ ಕಾಗದಕ್ಕೂ, ಫೋಟೋಕ್ಕೂ ನಾನು ರಬ್ಬರ್ ಬ್ಯಾಂಡು ಹಾಕುವುದಿಲ್ಲ. ಬೆಳ್ಳಿಗಂತೂ ಇಲ್ಲವೇ ಇಲ್ಲ. ರಬ್ಬರಿನ ಕಸುಬಿನಲ್ಲಿದ್ದೂ, ಊರಿಗೆ ಹೋಗುವ ಅವಸರದಲ್ಲಿ ಅಮ್ಮನ ಬೆಳ್ಳಿಯ ಕುಂಕುಮದ ಭರಣಿಯ ಮುಚ್ಚಳ ಬೀಳದಿರಲೆಂದು ಬ್ಯಾಂಡು ಸುತ್ತಿ ಚೀಲಕ್ಕೆ ಹಾಕಿ, ಆಮೇಲೆ ತೆಗೆಯಲು ಮರೆತೆ. ಮರುವರ್ಷ ನೋಡಿದಾಗ ಭರಣಿಯ ಸುತ್ತ ಗೆರೆ ಎಳೆದಂತೆ ಕಪ್ಪು ಪಟ್ಟಿ ಬಿದ್ದಿತ್ತು. ಗಂಧಕ ಬೆಳ್ಳಿಯೊಂದಿಗೆ ಕೂಡಿದರೆ ಆಗುವುದೇ ಅದು. ಅಮ್ಮ ಏನೂ ಅನ್ನಲಿಲ್ಲ, ಹುಣಸೆಹಣ್ಣು ತಂದು ಕೈಗೆ ಕೊಟ್ಟರು.

ಇನ್ನು, ಕೂದಲಿಗೆ ಹಾಕುವ ಪಾರದರ್ಶಕ ಸಣ್ಣ ಬ್ಯಾಂಡುಗಳನ್ನೂ ನೀವು ಮಾರುತ್ತಿರಬಹುದು. ಅವು ಹೆಚ್ಚಾಗಿ ರಬ್ಬರಲ್ಲ, ಪಾಲಿಯುರೆಥೇನ್ ಎಂಬ ಹಿಗ್ಗುವ ಪ್ಲಾಸ್ಟಿಕ್. ಅದರಲ್ಲಿ ಕೆಲವು ಬಗೆಗಳು ಗಾಳಿಯ ತೇವದಿಂದಲೇ ವಿಘಟಿಸಿ ಜಿಗುಟಾಗುತ್ತವೆ, ಅವುಗಳಿಗೆ ಪುಡಿಗಿಂತ ಒಣ ಜಾಗ ಮುಖ್ಯ. ಬಿಸಿಲಿನಲ್ಲಿ, ಹೊರಗಡೆ ಕಟ್ಟಲು ಬೇಕೆಂದು ಗಿರಾಕಿ ಕೇಳಿದರೆ ಸೈಕಲ್ಲಿನ ಹಳೆಯ ಟ್ಯೂಬನ್ನು ಅಡ್ಡಲಾಗಿ ಕತ್ತರಿಸಿದ ಕಪ್ಪು ಉಂಗುರಗಳೇ ಬಣ್ಣದ ಬ್ಯಾಂಡುಗಳಿಗಿಂತ ಎಷ್ಟೋ ಮೇಲು. ಅದರಲ್ಲಿರುವ ಇಂಗಾಲದ ಕಪ್ಪು ಅತಿನೇರಳೆ ಕಿರಣವನ್ನು ತಾನೇ ಹೀರಿಕೊಂಡು ರಬ್ಬರನ್ನು ಕಾಯುತ್ತದೆ, ಮತ್ತು ಬ್ಯುಟೈಲ್ ಎಂಬ ಕೃತಕ ರಬ್ಬರಿನ ಟ್ಯೂಬಾದರೆ ಓಝೋನಿಗೆ ಸಿಗುವ ಜೋಡಿಬಂಧಗಳೇ ಬಹಳ ಕಡಿಮೆ.

ಟ್ರೇಯಲ್ಲಿ ಈಗ ಮುದ್ದೆಯಾಗಿರುವ ಬ್ಯಾಂಡುಗಳಿಗೆ ಯಾವ ಪುಡಿಯೂ ಪ್ರಯೋಜನವಿಲ್ಲ. ಮೇಲ್ಮೈ ಕರಗಿದ ರಬ್ಬರು ಪುಡಿಯನ್ನು ನುಂಗಿ ಮತ್ತೆ ಜಿಗುಟಾಗುತ್ತದೆ, ತುಂಡಾದ ಅಣುಗಳನ್ನು ಮರಳಿ ಕೂಡಿಸುವ ಮನೆಮದ್ದು ಇಲ್ಲ. ಅವನ್ನು ಹೊಸ ದಾಸ್ತಾನಿನ ಹತ್ತಿರ ಸುಳಿಯಗೊಡದೆ, ಕಾಗದದಲ್ಲಿ ಸುತ್ತಿ ಒಣಕಸಕ್ಕೆ ಹಾಕಿ. ಸ್ನಾನದ ಒಲೆಗೆ ಮಾತ್ರ ಹಾಕಬೇಡಿ, ಅದರ ಹೊಗೆಯಲ್ಲಿ ಗಂಧಕದ ಡೈಆಕ್ಸೈಡ್ ಇರುತ್ತದೆ. ಟ್ರೇಯ ತಳಕ್ಕೆ ಹತ್ತಿದ ಜಿಡ್ಡನ್ನು ಸೀಮೆಎಣ್ಣೆಯ ಬಟ್ಟೆಯಿಂದ ತೆಗೆದು, ಆಮೇಲೆ ಸೋಪು ನೀರಿನಿಂದ ತೊಳೆದು, ಚೆನ್ನಾಗಿ ಒಣಗಿದ ಮೇಲೆ ಪಿನ್ನು ಕ್ಲಿಪ್ಪುಗಳಿಗೆ ಬಳಸಿಕೊಳ್ಳಿ.